ಅಪ್ಪ ತಿನ್ನದ ಸಕ್ಕರೆ

ನಮ್ಮ ಮನೆಗೆ ಒಂದೇ ಬಾಗಿಲು. ಹಿಂದೊಮ್ಮೆ ಹಿತ್ತಲ ಕಡೆಗೂ ಒಂದಿತ್ತಂತೆ. ಕಳ್ಳರ ಭಯಕ್ಕೆ ಅಜ್ಜ ಅದನ್ನು ಕಲ್ಲು ಮಣ್ಣು ಹಾಕಿ ಮುಚ್ಚಿಸಿದನಂತೆ. ಅದರಿಂದ ಕಳ್ಳರು ಒಳಗೆ ಬರುವುದು ನಿಂತಿತೋ ಇಲ್ಲವೋ ನನಗೆ ಗೊತ್ತಿಲ್ಲ, ಹೆಣ್ಣುಮಕ್ಕಳು ಹೊರಗೆ ಹೋಗುವುದಂತೂ ನಿಂತಿತು. ಉಳಿದ ಒಂದು ಬಾಗಿಲಿನ ಪಕ್ಕ, ಪಡಸಾಲೆಯಲ್ಲಿ, ದೊಡ್ಡಪ್ಪನ ಹೊರಸು. ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಪಡಸಾಲೆಗೆ, ಅಲ್ಲಿಂದ ಹೊರಸಿನ ಕಾಲು ದಾಟಿ ಓಣಿಗೆ: ಸಾಲಿಗೆ ಹೋಗಬೇಕಾದರೂ, ಗಿರಣಿಗೆ ಜೋಳ ಒಯ್ಯಬೇಕಾದರೂ, ಗೆಳತಿಯ ಮನೆಯಿಂದ ಒಂದು ಪುಸ್ತಕ ತರಬೇಕಾದರೂ ಬೇರೆ ದಾರಿಯೇ ಇರಲಿಲ್ಲ. ದೊಡ್ಡಪ್ಪ ಕೆಟ್ಟವನೇನಲ್ಲ. ಹೊಡೆದವನಲ್ಲ, ಕುಡಿದವನಲ್ಲ. ಹಬ್ಬಕ್ಕೆ ಅಕ್ಕನಿಗೂ ನನಗೂ ತನ್ನ ಮಗನಿಗಿಂತ ಛಲೋ ಅರಿವೆ ತರುತ್ತಿದ್ದ. ಆದರೆ ದಾಟುವಾಗೆಲ್ಲ ಕೇಳುತ್ತಿದ್ದ:

"ಎಲ್ಲಿಗೆ?"

ಉತ್ತರ ಹೇಳಿದ ಮೇಲೆ ಇನ್ನೊಂದು:

"ಯಾಕ?"

ನನ್ನ ವಾದದ ಮೊದಲ ಪಾಠ ಆ ಎರಡು ಪ್ರಶ್ನೆಗಳಿಂದಲೇ ಆಯಿತು. 'ಎಲ್ಲಿಗೆ' ಎನ್ನುವುದಕ್ಕೆ ಅಕ್ಕ ಗಿರಿಜಾ ಉತ್ತರ ಹೇಳಿ ನೆಲ ನೋಡುತ್ತ ನಿಲ್ಲುತ್ತಿದ್ದಳು. ನಾನು 'ಯಾಕ' ಎನ್ನುವುದಕ್ಕೆ ಮೂರು ಕಾರಣ ಕೊಟ್ಟು, ಅವನು ಎತ್ತಬಹುದಾದ ಆಕ್ಷೇಪಕ್ಕೂ ಮೊದಲೇ ಉತ್ತರ ಇಟ್ಟುಕೊಂಡು ನಿಲ್ಲುತ್ತಿದ್ದೆ. ಅಕ್ಕನನ್ನು ಬಿಡುತ್ತಿದ್ದ. ನನ್ನನ್ನು ಕೂಡ್ರಿಸುತ್ತಿದ್ದ.

ಇದೆಲ್ಲ ನಡೆಯುವಾಗ ಅಪ್ಪ ಎಲ್ಲಿರುತ್ತಿದ್ದ? ಅಲ್ಲೇ ಇರುತ್ತಿದ್ದ. ಎತ್ತಿಗೆ ಹಗ್ಗ ಹೊಸೆಯುತ್ತಲೋ, ಕಡಲೆ ಬೀಜ ಹಸನು ಮಾಡುತ್ತಲೋ. ನಮ್ಮ ಹೊಲ ತಳಕಲ್ ಕಡೆಯ ದಾರಿಯಲ್ಲಿ, ಎರೆಭೂಮಿ. ಹೊಲದ ಕೆಲಸವೆಲ್ಲ ಅಪ್ಪನದು, ಹೊಲದ ಮಾತೆಲ್ಲ ದೊಡ್ಡಪ್ಪನದು. ಊಟಕ್ಕೆ ಕೂತರೆ ಮೊದಲ ರೊಟ್ಟಿ ದೊಡ್ಡಪ್ಪನ ತಾಟಿಗೆ. ಅಪ್ಪ ತನ್ನ ರೊಟ್ಟಿಯನ್ನು ಮುರಿದಿಟ್ಟುಕೊಂಡು, ಅಣ್ಣ ತುತ್ತು ಎತ್ತುವವರೆಗೆ ಕಾಯುತ್ತಿದ್ದ. ಏನೇ ತಕರಾರು ಬಂದರೂ ಅವನ ಬಾಯಿಂದ ಒಂದೇ ಮಾತು: "ನೋಡೂಣು." ಸೈಕಲ್ಲು ಕೊಡಿಸು ಎಂದರೆ ನೋಡೂಣು. ಅವ್ವ ತವರಿಗೆ ಹೋಗಲೇ ಎಂದರೆ ನೋಡೂಣು. ಆ ಮಾತು ಕೇಳಿದರೆ ನನಗೆ ಹಲ್ಲಿನಲ್ಲಿ ಮರಳು ಸಿಕ್ಕಂತೆ ಆಗುತ್ತಿತ್ತು.

ಒಂದು ಹುಣ್ಣಿಮೆಗೆ ಮನೆಯವರೆಲ್ಲ ಹುಲಿಗಿಗೆ, ಅಮ್ಮನ ದರ್ಶನಕ್ಕೆ ಹೋಗಿದ್ದೆವು. ಹೊಳೆಯಲ್ಲಿ ಮಿಂದು, ಒದ್ದೆ ಕೂದಲಲ್ಲೇ ಗುಡಿಯ ಸಾಲಿನಲ್ಲಿ ನಿಂತಾಗ ನಾನು ಕೇಳಿದೆ: ಇಷ್ಟು ಮಂದಿ ಒಂದೇ ಸಲ ಬೇಡಿದರೆ ಅಮ್ಮ ಯಾರದನ್ನು ಮೊದಲು ಕೇಳುತ್ತಾಳೆ, ಅದಕ್ಕೇನಾದರೂ ಪಾಳಿ ಇದೆಯೇ? ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದೆ. ಸಾಲಿನಲ್ಲಿದ್ದ ನಾಲ್ಕು ಮಂದಿ ನಕ್ಕರು. ದೊಡ್ಡಪ್ಪ ನಗಲಿಲ್ಲ. ಊರಿಗೆ ಬಂದು ಹೊರಸಿನ ಮೇಲೆ ಕೂತವನೇ ಅಪ್ಪನನ್ನು ಕರೆದ.

"ಬಸೂ, ಈಕಿ ಸಾಲಿ ಕಲ್ತು ದೇವರಿಗೇ ಪಾಳಿ ಹಚ್ಚಾಕತ್ಯಾಳ. ನಾಳಿಂದ ಬಿಡಸು."

"ನೋಡೂಣು ಅಣ್ಣಾ. ಪರೀಕ್ಷಿ ಮುಗೀಲಿ."

ಪರೀಕ್ಷೆ ಮುಗಿಯಿತು. "ನೋಡೂಣು, ಪಾಸ್ ಆಗ್ತಾಳೋ ಇಲ್ಲೋ." ಪಾಸಾದೆ. "ನೋಡೂಣು, ಬಿತ್ತಿಗಿ ಮುಗೀಲಿ." ಬಿತ್ತಿಗೆ ಮುಗಿಯುವ ಹೊತ್ತಿಗೆ ನಾನು ಮುಂದಿನ ತರಗತಿಯಲ್ಲಿ ಕೂತಾಗಿತ್ತು. ಅದೇ ವರ್ಷ ಕೊಪ್ಪಳದ ಚರ್ಚಾಸ್ಪರ್ಧೆಯಲ್ಲಿ ಕಪ್ಪು ಗೆದ್ದು ತಂದು, ದೊಡ್ಡಪ್ಪನ ಹೊರಸಿನ ಮೇಲಿನ ಗೂಡಿನಲ್ಲಿ ಇಟ್ಟೆ. ಆಮೇಲೆ ಅವನು ಸಾಲಿಯ ಸುದ್ದಿ ಎತ್ತಲಿಲ್ಲ. ನನ್ನ ಮಾತು ಗೆದ್ದಿತು ಎಂದು ಬಹಳ ವರ್ಷ ನಂಬಿದ್ದೆ. ಪುರಾವೆಯೂ ಕಣ್ಣೆದುರಿಗೇ ಇತ್ತಲ್ಲ, ಹಿತ್ತಾಳೆಯ ಬಣ್ಣದ್ದು.

ಚರ್ಚಾಸ್ಪರ್ಧೆಯಲ್ಲಿ ಎರಡೇ ಕಡೆ: ಪರ, ವಿರೋಧ. ಗಂಟೆ ಬಾರಿಸುವುದರೊಳಗೆ ನೀವು ಯಾವ ಕಡೆ ಎಂದು ಹೇಳಿ, ಅದನ್ನು ಸಾಧಿಸಿ, ಇಳಿದು ಬರಬೇಕು. 'ನೋಡೋಣ' ಎನ್ನುವವನಿಗೆ ಅಲ್ಲಿ ಮೈಕೇ ಕೊಡುವುದಿಲ್ಲ. ನನಗೆ ಆ ನಿಯಮ ಬಹಳ ಹಿಡಿಸಿತ್ತು. ಅಪ್ಪ ಯಾವ ಕಡೆಯವನೂ ಅಲ್ಲ ಎಂದು ತೀರ್ಮಾನಿಸಲು ನನಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ.

ಅಕ್ಕನ ಮದುವೆ ಗೊತ್ತಾದಾಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಮುಂದೆ ಕಾನೂನು ಓದಬೇಕು ಎನ್ನುವುದನ್ನು ಅಕ್ಕನಿಗೆ ಹೇಳಿದ್ದೆ, ಅಪ್ಪನಿಗೂ ಹೇಳಿದ್ದೆ. ಅಪ್ಪ ಏನೆಂದಿರಬೇಕು, ನೀವೇ ಹೇಳಿ. ಬೀಗರು ಗಂಗಾವತಿ ಕಡೆಯವರು, ಕಾಲುವೆ ನೀರಿನ ಭತ್ತದ ಮಂದಿ. ಮದುವೆ ನಮ್ಮ ಮನೆಯ ಮುಂದಿನ ಹಂದರದಲ್ಲೇ. ಹಿಂದಿನ ದಿನವೇ ಎರಡು ಟೆಂಪೊದಲ್ಲಿ ಬಂದಿಳಿದು, ನಾನು ಕಲಿತ ಸಾಲಿಯ ಕೋಣೆಗಳಲ್ಲೇ ಬಿಡಾರ ಹೂಡಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಮದುಮಗನ ಅಜ್ಜಿ ಒಂದು ರೊಟ್ಟಿ ಎತ್ತಿ ಬೆರಳಿಂದ ಬಡಿದು, "ಯವ್ವಾ, ಇದನ್ನ ತಿನ್ನೂದೋ, ಮೆರವಣಿಗ್ಯಾಗ ಬಾರಸೂದೋ?" ಎಂದಳು. ನಮ್ಮ ಅವ್ವ ಬಿಡಲಿಲ್ಲ. "ಬಾರಿಸಿದ್ರೂ ಮುರಿಯೂದಿಲ್ರಿ ಅಮ್ಮಾರ. ನಿಮ್ಮ ಅನ್ನಾ ಉಂಡ್ರ ಕೈ ತೊಳಿಯೂದ್ರಾಗ ಹಸಿವಾಕ್ಕೈತಿ." ಹಂದರವೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು. ಹಲ್ಲಿಲ್ಲದ ಬಾಯಿ, ಚುರುಕು ಕಣ್ಣು. ಆ ಕಣ್ಣು ನಕ್ಕು ಮುಗಿಸಿ ನನ್ನ ಮೇಲೆ ಬಂದು ನಿಂತಿತು.

ನಮ್ಮ ಕಡೆ ಒಂದೇ ಹಂದರದಲ್ಲಿ ಎರಡು ಮದುವೆ ಮಾಡುವುದು ಹೊಸದೇನಲ್ಲ. ಒಂದೇ ಅಡುಗೆ, ಒಂದೇ ವಾಲಗ, ಮಂತ್ರ ಹೇಳಲು ಒಬ್ಬನೇ ಅಯ್ಯ. ಅಜ್ಜಿಗೆ ಇಬ್ಬರು ಮೊಮ್ಮಕ್ಕಳು. ಹಿರಿಯವನು ನಾಳೆಯ ಮದುಮಗ. ಕಿರಿಯವನು ಬಾಗಿಲ ಬಳಿ ನಿಂತು ಮೊಬೈಲು ನೋಡುತ್ತಿದ್ದ, ತನ್ನ ಬಗ್ಗೆ ಮಾತು ನಡೆದಿದೆ ಎಂಬುದೂ ಅವನಿಗೆ ಗೊತ್ತಿದ್ದಂತಿರಲಿಲ್ಲ. ಅಜ್ಜಿ ದೊಡ್ಡಪ್ಪನ ಹೊರಸಿನ ತುದಿಗೆ ಕೂತು ಎಲೆ ಅಡಿಕೆ ಹಾಕಿಕೊಂಡು, ಎಮ್ಮೆ ಕೇಳಿದಷ್ಟು ಸಲೀಸಾಗಿ ಕೇಳಿದಳು:

"ಅಕ್ಕನ್ನ ಕೊಟ್ಟೀರಿ, ತಂಗೀನೂ ಕೊಟ್ಟಬಿಡ್ರಿ ಬೀಗರ. ಒಂದ ಹಂದರ, ಒಂದ ಮುಹೂರ್ತ. ವಾರಗಿತ್ತೇರು ಅಕ್ಕತಂಗೇರ ಆದ್ರ ಮನ್ಯಾಗ ಒಲಿ ಎರಡಾಗೂದಿಲ್ಲ."

ದೊಡ್ಡಪ್ಪನ ಮುಖ ಅರಳಿತು. ಅವನಿಗೆ ಇದು ಕೇಡು ಎಂದು ಅನ್ನಿಸಲೇ ಇಲ್ಲ. ಒಳ್ಳೆಯ ಮನೆತನ, ನೀರಾವರಿ ಹೊಲ, ತಂಗಿಗೆ ಅಕ್ಕನ ಜೊತೆ. ಒಳಗಿಂದ ಸಕ್ಕರೆ ತರಿಸಿದ. ನಮ್ಮಲ್ಲಿ ಮಾತು ಗಟ್ಟಿಯಾಗುವುದು ಸಕ್ಕರೆಯಿಂದ. ಎರಡೂ ಕಡೆಯ ಹಿರಿಯರು ಬಾಯಿಗೆ ಹಾಕಿಕೊಂಡರೆ ಆಯಿತು, ಆಮೇಲೆ ಮಾತು ತಿರುಗಿಸಿದರೆ ಬಳಗದಲ್ಲಿ ತಲೆ ಎತ್ತುವಂತಿಲ್ಲ. ಸ್ಟೀಲಿನ ತಾಟು ಸುತ್ತಿತು. ಅಜ್ಜಿ ತಿಂದಳು, ದೊಡ್ಡಪ್ಪ ತಿಂದ, ಮದುಮಗನ ತಂದೆ ತಿಂದ. ನಾನು ನಡುಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಕಡೆಗೆ ಅಪ್ಪನ ಬಲಗೈಯಲ್ಲಿ ದೊಡ್ಡಪ್ಪನೇ ಒಂದು ಹಿಡಿ ಸುರಿದ.

ನಾನು ಮಾತಾಡಿದೆ. ಮಾತಾಡದೆ ಇರುವುದು ಹೇಗೆ? ನನಗೆ ವಯಸ್ಸಾಗಿದೆ, ನನ್ನ ಒಪ್ಪಿಗೆ ಇಲ್ಲದೆ ಇದು ನಡೆಯುವಂತಿಲ್ಲ ಎಂದೆ. ಆ ಹುಡುಗನನ್ನೂ ಯಾರೂ ಕೇಳಿಲ್ಲ ಎಂದೆ. ಅಡುಗೆ ಉಳಿಯುತ್ತದೆ ಎನ್ನುವುದು ಮದುವೆಗೆ ಕಾರಣವಾದರೆ, ಊರಿನವರೆಲ್ಲ ಒಂದೇ ದಿನ ಮದುವೆಯಾಗಲಿ ಎಂದೆ. ಕಾಲೇಜಿನಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿಯೂ ಬಿತ್ತು. ಅದೇ ತೊಂದರೆಯಾದದ್ದು. ಬೀಗರ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು.

"ಏನ ಚಂದ ಮಾತಾಡ್ತೈತಿ ಈ ಅಮ್ಮಾಯಿ!" ಎಂದಳು ಅಜ್ಜಿ. "ನಮ್ಮ ಸಣ್ಣಾಂವ ಮೂಕಬಸವಣ್ಣ. ಅವಗ ಇಂಥಾಕೀನ ಬೇಕು."

"ನಮ್ಮ ವಕೀಲವ್ವ," ಎಂದ ದೊಡ್ಡಪ್ಪ, ಹೆಮ್ಮೆಯಿಂದ. ಗೂಡಿನಲ್ಲಿದ್ದ ಕಪ್ಪನ್ನು ಇಳಿಸಿ ಬೀಗರಿಗೆ ತೋರಿಸಿದ.

ನಾನು ಗೆದ್ದು ತಂದದ್ದನ್ನೇ ನನ್ನ ಬೆಲೆ ಏರಿಸಲು ತೋರಿಸುತ್ತಿದ್ದರು. ಹೇಳಿದ ಒಂದೊಂದು ಮಾತಿಗೂ ಗಂಟು ಬಿಗಿಯಾಗುತ್ತಿತ್ತು. ಹೊರಗೆ ಹೋಗೋಣವೆಂದರೆ ಅದೇ ಬಾಗಿಲು, ಅದೇ ಹೊರಸು, ಈಗ ಅದರ ಮೇಲೆ ಇಬ್ಬರು. ಒಳಗೆ ಹೋದೆ. ನಡುಮನೆಯಲ್ಲಿ ಅಕ್ಕ ಮೈತುಂಬ ಅರಿಶಿಣ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ನನ್ನ ಕೈ ಹಿಡಿದಳು. ಅರಿಶಿಣ ನನಗೂ ಹತ್ತಿತು.

"ನೀಲಾ, ನಿನ್ನ ಕಾಲ ಬೀಳ್ತೀನಿ, ನಾಳಿ ಮಧ್ಯಾಹ್ನದ ತನಕಾ ಸುಮ್ಮನಿರು. ಅವರು ಸಿಟ್ಟಿಗೆದ್ದು ಟೆಂಪೊ ಹತ್ತಿದ್ರ ನಾ ಈ ಅರಿಶಿಣ ಎಲ್ಲಿ ತೊಳಕೊಳ್ಳಿ?"

"ಮತ್ತ ನಂದು?"

ಅವಳು ನೆಲ ನೋಡಿದಳು. ಅವ್ವ ಅರಿಶಿಣದ ಬಟ್ಟಲು ಹಿಡಿದು ನಿಂತಲ್ಲೇ, "ಅಕ್ಕತಂಗಿ ಒಂದ ಕಡೆ ಇರ್ತೀರಿ, ನನಗೂ ಒಂದ ಊರಿಗೆ ಬಂದು ಇಬ್ಬರನ್ನ ನೋಡಿ ಹೋಗೂದಾಕ್ಕೈತಿ. ಅದರಾಗೇನ ತಪ್ಪೈತಿ?" ಎಂದಳು. ನನ್ನ ಹತ್ತಿರ ಅದಕ್ಕೆ ಉತ್ತರವಿತ್ತು. ಅವ್ವ ಎಷ್ಟೋ ವರ್ಷದಿಂದ ತವರಿಗೆ ಹೋಗಲು ಕೇಳುತ್ತಲೇ ಇದ್ದವಳು ಎಂಬುದು ನೆನಪಾಗಿ ಸುಮ್ಮನಾದೆ.

ಬಳೆಗಾರ ಬಂದ. ಅಕ್ಕನಿಗೆ ಮೊಣಕೈವರೆಗೆ ಹಸಿರು ಬಳೆ ಇಟ್ಟು ನನ್ನ ಕೈ ಎಳೆದುಕೊಂಡ. "ಈಕಿಗೂ ಮದುಮಗಳ ಬಳಿ ಇಡಬೇಕಂತಲ್ರಿ?" ಅವನ ಬೆರಳು ನನ್ನ ಗೆಣ್ಣು ಅದುಮಿ ಹಿಡಿದಿದ್ದವು. ಮೊದಲ ಬಳೆ ಅರ್ಧ ಏರಿತ್ತು. ಪಡಸಾಲೆಯಿಂದ ಅಜ್ಜಿಯ ದನಿ ಬಂತು.

"ತಡಿಯೋ ಬಳಿಗಾರ. ಈಕಿ ತಂದಿ ಬಾಯಿ ಇನ್ನೂ ಸಿಹಿ ಆಗಿಲ್ಲ. ಹೆತ್ತಾಂವ ತಿನ್ನದ ನಾವು ಹೆಣ್ಣು ಒಯ್ಯೂದಿಲ್ಲ, ಅದು ನಮ್ಮ ಮನಿ ರೂಢಿ."

ಬಳೆ ಹಿಂದಕ್ಕೆ ಬಂತು. ನಾನು ಹೊಸ್ತಿಲಿಗೆ ಬಂದು ನೋಡಿದೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಬಲಗೈ ಮುಷ್ಟಿ ಹಿಡಿದು ಮೊಣಕಾಲ ಮೇಲಿಟ್ಟುಕೊಂಡಿದ್ದ.

"ಹಾಕ್ಕೊಳ್ಳೋ ಬಾಯಾಗ," ಎಂದ ದೊಡ್ಡಪ್ಪ.

"ತಿಂತೀನಿ ತಡಿಯಣ್ಣಾ. ಇವತ್ತು ನಂದು ಒಪ್ಪತ್ತು."

"ಸಕ್ಕರಿಗೆ ಎಂಥಾ ಒಪ್ಪತ್ತೋ?"

"ನೋಡೂಣು."

ಆ ಮುಷ್ಟಿಯ ಲೆಕ್ಕ ತಿಳಿದುಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾಯಿಗೆ ಹಾಕಿಕೊಂಡರೆ ಒಪ್ಪಿದಂತೆ. ಕೆಳಗಿಟ್ಟರೆ ಬೀಗರ ಮುಖದ ಮೇಲೆ ಎಸೆದಂತೆ. ಕೈಯಲ್ಲಿ ಇರುವಷ್ಟು ಹೊತ್ತು ಯಾರೂ ಏನೂ ಅನ್ನುವಂತಿಲ್ಲ. ಆದರೆ ಬಲಗೈ ಮುಚ್ಚಿಕೊಂಡವನು ಏನು ಮಾಡಬಲ್ಲ? ಹುಟ್ಟಿದಾಗಿನಿಂದ ನಾನು ಅಪ್ಪ ಕೆಲಸವಿಲ್ಲದೆ ಕೂತದ್ದು ಕಂಡಿರಲಿಲ್ಲ. ಮಗಳ ಮದುವೆಯಲ್ಲಿ ಅವನು ಬೀಗರಿಗೆ ನೀರು ಕೊಡಲಿಲ್ಲ, ಎಲೆ ಹಾಸಲಿಲ್ಲ, ಹಂದರದ ಹಗ್ಗ ಎಳೆಯಲಿಲ್ಲ. ಎಡಗೈಯಿಂದ ಅದನ್ನೆಲ್ಲ ಮಾಡುವಂತಿರಲಿಲ್ಲ. ಸಂಜೆ ಊಟದ ಪಂಕ್ತಿಯಲ್ಲಿ ಎಲ್ಲರೂ ಕೂತರು, ಅಪ್ಪ ಕೂಡಲಿಲ್ಲ. ಉಣ್ಣುವ ಕೈಯೇ ಅವನ ಹತ್ತಿರ ಇರಲಿಲ್ಲ. ಮಂದಿ ಚೇಷ್ಟೆ ಮಾಡಿದರು: "ಏನ್ ಬಸಣ್ಣ, ಮುಷ್ಟ್ಯಾಗ ಏನ್ ಬಂಗಾರ ಐತೇನು?" ಅಪ್ಪ ನಕ್ಕ. ಅವ್ವ ಒಳಗೆ ಪಾತ್ರೆ ಕುಕ್ಕಿದಳು. "ಹೂಂ ಅನ್ನವಲ್ಲ, ಉಹುಂ ಅನ್ನವಲ್ಲ, ಇಂಥಾ ಗಂಡಸಿನ ಜೋಡಿ ಬಾಳೇವು ಮಾಡೇನಿ ನಾನು."

ಅಲ್ಲಿಯವರೆಗೆ ನಾನೂ ಅವ್ವನ ಪಕ್ಷದವಳೇ. ಬೆಳಗಾಗುತ್ತಿದ್ದಂತೆ ದನದ ಕೊಟ್ಟಿಗೆಗೆ ಹೋದೆ. ಮನೆಯ ಒಳಗಿಂದಲೇ ಅದಕ್ಕೊಂದು ದಾರಿ, ಅಲ್ಲಿಂದ ಹೊರಗೆ ದಾರಿ ಇಲ್ಲ, ಎತ್ತುಗಳೂ ಪಡಸಾಲೆಯ ಬಾಗಿಲನ್ನೇ ದಾಟಬೇಕು. ಅಪ್ಪ ಗೋದಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಹೆಗಲ ಟವೆಲ್ಲನ್ನು ಮುಷ್ಟಿಗೆ ಸುತ್ತಿ, ನಿದ್ದೆಯಲ್ಲಿ ಬಿಚ್ಚಿಕೊಳ್ಳಬಾರದೆಂದು ಹಲ್ಲಿನಿಂದ ಗಂಟು ಹಾಕಿದ್ದ. ಟವೆಲ್ಲಿನ ಮೇಲೆ ಇರುವೆಗಳ ಸಾಲು. ಎತ್ತು ಮೂತಿ ಚಾಚಿ ಆ ಕೈಯನ್ನೇ ಮೂಸುತ್ತಿತ್ತು.

"ಒಲ್ಲೆ ಅಂತ ಯಾಕ ಅನ್ನವಲ್ಲಿ ಅಪ್ಪಾ? ಒಂದ ಮಾತು."

"ಒಲ್ಲೆ ಅಂದ್ರ ಗಿರಿಜಾನ ಮದಿವಿ ನಿಂದರತೈತಿ."

"ಹೂಂ ಅಂದ್ರ?"

"ನಿನ್ನ ಸಾಲಿ ನಿಂದರತೈತಿ."

"ಮತ್ತ?"

ಅಪ್ಪ ಎತ್ತಿನ ಮೂತಿಯನ್ನು ಎಡಗೈಯಿಂದ ಮೆಲ್ಲಗೆ ಸರಿಸಿದ.

"ನೋಡೂಣವ್ವ. ಮುಹೂರ್ತ ಒಂದು ದಾಟಲಿ."

ಪರೀಕ್ಷಿ ಮುಗೀಲಿ. ಬಿತ್ತಿಗಿ ಮುಗೀಲಿ. ಮುಹೂರ್ತ ದಾಟಲಿ. ಕೊಟ್ಟಿಗೆಯಲ್ಲಿ ನಿಂತು, ಗೂಡಿನಲ್ಲಿದ್ದ ಆ ಕಪ್ಪಿನ ಬಗ್ಗೆ ನನಗೆ ಮೊದಲ ಸಲ ಅನುಮಾನ ಬಂತು.

ಮುಹೂರ್ತಕ್ಕೆ ಹಂದರ ತುಂಬಿತು. ನನ್ನನ್ನು ಅಕ್ಕನ ಹಿಂದೆ ಕಳಸ ಹಿಡಿಸಿ ನಿಲ್ಲಿಸಿದರು. ಮದುಮಗಳ ತಂಗಿಯೇ ಕಳಸಗಿತ್ತಿ ಆಗಬೇಕು, ಅದು ಪದ್ಧತಿ. ತುಂಬಿದ ಕಳಸ, ಎರಡೂ ಕೈ ಬೇಕು, ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ. ಎದುರಿಗೆ ತಾಟಿನಲ್ಲಿ ಅಕ್ಕಿಕಾಳಿನ ಪಕ್ಕ ಹಣೆಗೆ ಕಟ್ಟುವ ಬಾಸಿಂಗಗಳು. ತಂದದ್ದು ಎರಡು ಜೋಡಿ. ಒಂದು ಜೋಡಿಯನ್ನು ಕಟ್ಟಿಯಾಗಿತ್ತು. ಇನ್ನೊಂದು ನನ್ನನ್ನು ನೋಡುತ್ತಿತ್ತು.

"ಬೀಗಾ," ಎಂದಳು ಅಜ್ಜಿ, ಎಲ್ಲರಿಗೂ ಕೇಳುವಂತೆ. "ಇನ್ನೂ ಹೊತ್ತೈತಿ. ಕೈ ಬಾಯಿಗೆ ಒಯ್ಯಿ, ಈ ಬಾಸಿಂಗಾನೂ ಕಟ್ಟೂಣು."

"ತಿಂದಬಿಡೋ ಬಸೂ, ಮಂದಿ ನೋಡಾಕತ್ತಾರ," ಎಂದ ದೊಡ್ಡಪ್ಪ.

ಅಷ್ಟರಲ್ಲಿ ಮಂತ್ರ ಹೇಳುತ್ತಿದ್ದ ಅಯ್ಯ ಕರೆದ: "ಧಾರಿ ಎರಿಯಾಕ ಹೆಣ್ಣಿನ ತಂದಿ ಬರ್ರಿ. ಬಲಗೈ ಮುಂದ ಮಾಡ್ರಿ."

ಮಗಳ ಮದುವೆಯಲ್ಲಿ ತಂದೆಗೆ ಸಿಗುವುದು ಅದೊಂದೇ. ಅಡುಗೆ ಯಾರೋ ಮಾಡುತ್ತಾರೆ, ಹಂದರ ಯಾರೋ ಹಾಕುತ್ತಾರೆ, ಮಾತುಕತೆ ನಮ್ಮ ಮನೆಯಲ್ಲಂತೂ ದೊಡ್ಡಪ್ಪನದು. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ನೀರು ಬಿಡುವುದೊಂದು ಹೆತ್ತವನದು. ಅಪ್ಪ ಎದ್ದು ನಿಂತ. ಅಕ್ಕ ತಲೆ ಎತ್ತಿ ಅವನನ್ನು ನೋಡಿದಳು. ಅಪ್ಪ ತನ್ನ ಮುಷ್ಟಿಯನ್ನು ನೋಡಿಕೊಂಡ. ಬಿಚ್ಚಿದರೆ ಅದು ಎಲ್ಲರೆದುರು ಬೀಗರಿಗೆ ಮಾತು ಕೊಡುವ ಸಕ್ಕರೆ ನೆಲಕ್ಕೆ ಚೆಲ್ಲಿದಂತೆ, ತಾಳಿ ಕಟ್ಟುವ ಮೊದಲೇ. ನನ್ನ ಕೈಯಲ್ಲಿ ಕಳಸದ ನೀರು ತುಳುಕಿತು.

"ಅಣ್ಣಾ, ನೀ ಎರಿ," ಎಂದ ಅಪ್ಪ.

"ನಾನಾ? ಹೆತ್ತಾಂವ ನೀ ನಿಂತೀಯಲ್ಲೋ."

"ಹೆತ್ತಾಂವ ಅಷ್ಟ ನಾನು. ಈಕಿ ಹೋಗೂದು ಬರೂದು ಕಾದಾಂವ ನೀನು. ಎರಿ ಅಣ್ಣಾ."

ದೊಡ್ಡಪ್ಪನಿಗೆ ಹೆಣ್ಣುಮಕ್ಕಳಿಲ್ಲ. ಜೀವನದಲ್ಲಿ ಧಾರೆ ಎರೆಯುವ ಯೋಗ ತನಗಿಲ್ಲ ಎಂದುಕೊಂಡಿದ್ದವನು ರುಮಾಲು ಸರಿಪಡಿಸಿಕೊಂಡು, ಎಲ್ಲವನ್ನೂ ಮರೆತು ಮುಂದೆ ಬಂದ. ಸಕ್ಕರೆಯನ್ನೂ ಮರೆತ, ಎರಡನೆಯ ಬಾಸಿಂಗವನ್ನೂ ಮರೆತ. ಅಕ್ಕನ ಕೈಯ ಮೇಲೆ ನೀರು ಬಿಡುವಾಗ ಅವನು ಅಳುತ್ತಿದ್ದ. ಅಪ್ಪ ಒಂದು ಹೆಜ್ಜೆ ಹಿಂದೆ ನಿಂತು, ಮುಷ್ಟಿಯನ್ನು ಎದೆಗಾನಿಸಿಕೊಂಡು, ಬೇರೆ ಯಾರದೋ ಮದುವೆಗೆ ಬಂದವನಂತೆ ನೋಡುತ್ತಿದ್ದ. ತಾಳಿ ಕಟ್ಟಿದ್ದಾಯಿತು. ಅಕ್ಕಿಕಾಳು ಬಿದ್ದವು. ಎಲ್ಲರೂ ಎರಚಿದರು, ಅಪ್ಪ ಎಡಗೈಯಿಂದ ಎರಚಬಾರದೆಂದು ಎರಚಲಿಲ್ಲ.

ವಾಲಗ ನಿಂತಿತು. ಅಜ್ಜಿ ಉಳಿದ ಬಾಸಿಂಗಗಳನ್ನು ತಾನೇ ಎತ್ತಿ ಚೀಲದೊಳಗೆ ಇಟ್ಟಳು. ಅಪ್ಪನ ಎದುರು ಬಂದು, ಮೇಲಿಂದ ಕೆಳಗೆ ಒಮ್ಮೆ ನೋಡಿ, "ಹೊತ್ತು ದಾಟಿಸಿದೆಲ್ಲೋ, ಬೀಗಾ," ಎಂದಳು. ಸಿಟ್ಟಿನಿಂದ ಅಂದಳೋ, ಮೆಚ್ಚಿ ಅಂದಳೋ ನನಗೆ ಈಗಲೂ ಗೊತ್ತಿಲ್ಲ. ಟೆಂಪೊ ಯಾರೂ ಹತ್ತಲಿಲ್ಲ. ಪಂಕ್ತಿಗೆ ಎಲೆ ಹಾಸಿದರು.

ಹಂದರದ ಹಿಂದೆ ನೀರಿನ ಬಾನಿಯ ಹತ್ತಿರ ಅಪ್ಪ ಕೂತಿದ್ದ. ನಾನು ಕಳಸ ಇಳಿಸಿ ಅಲ್ಲಿಗೆ ಹೋದೆ. ಅವನು ಬೆರಳು ಬಿಡಿಸಲು ನೋಡುತ್ತಿದ್ದ, ಅವು ಒಂದಕ್ಕೊಂದು ಅಂಟಿಕೊಂಡಿದ್ದವು. ಎಡಗೈಯಿಂದ ಒಂದೊಂದೇ ಬಿಡಿಸಿದ. ಅಂಗೈಯಲ್ಲಿ ಸಕ್ಕರೆ ಎಂಬುದು ಉಳಿದಿರಲಿಲ್ಲ. ಕಂದು ಬಣ್ಣದ ಪಾಕ, ಅದರಲ್ಲಿ ಟವೆಲ್ಲಿನ ದಾರ, ಸತ್ತ ಇರುವೆ. ಅದನ್ನು ನನ್ನ ಕಡೆಗೆ ಚಾಚಿದ.

"ಏನಂತಿ? ತಿನ್ಲೋ, ತೊಳ್ಕೊಳ್ಲೋ?"

ಇಡೀ ಮನೆಯಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದವನು ಅವನೊಬ್ಬನೇ. ತಂಬಿಗೆ ತುಂಬಿಕೊಂಡು ನೀರು ಸುರಿದೆ. ಅದು ಬೇಗ ಬಿಡಲಿಲ್ಲ, ಗೆರೆಗಳೊಳಗೆ ಇಳಿದಿತ್ತು.

"ಗಿರಿಜಾ ಏನರ ಅಂದ್ಲೇನು?" ಎಂದು ಕೇಳಿದ, ಕೈಯನ್ನೇ ನೋಡುತ್ತ. "ಧಾರಿ ನಾ ಎರೀಲಿಲ್ಲ ಅಂತ."

"ಇಲ್ಲ," ಎಂದೆ. ಅಕ್ಕ ಏನೂ ಅಂದಿರಲಿಲ್ಲ. ನೀರು ಬೀಳುವಾಗ ಅವಳು ಅಪ್ಪನನ್ನು ಹುಡುಕಿ ನೋಡಿದ್ದಳು, ಅದನ್ನು ಹೇಳಲಿಲ್ಲ.

ನನ್ನ ಆಕ್ಷೇಪ ಇದ್ದೇ ಇದೆ, ಅದನ್ನು ಬಿಟ್ಟುಕೊಡುವುದಿಲ್ಲ. 'ಒಲ್ಲೆ' ಎಂಬ ಒಂದು ಮಾತಿನಿಂದ ಆಗಬೇಕಾದದ್ದಕ್ಕೆ ಒಬ್ಬ ಮನುಷ್ಯ ಇಡೀ ದಿನ ಉಪವಾಸವಿದ್ದು ತನ್ನ ಮಗಳ ಧಾರೆಯನ್ನು ಬೇರೆಯವರ ಕೈಗೆ ಕೊಡಬೇಕಾಗುವ ಮನೆ ಸರಿಯಾದ ಮನೆಯಲ್ಲ. ಅದನ್ನು ಆಗಲೇ ಅಪ್ಪನಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಂದರದೊಳಗಿಂದ ದೊಡ್ಡಪ್ಪನ ದನಿ ಬಂತು, ಅತ್ತು ಹಗುರಾದ ದನಿ.

"ಬಸೂ! ಇದೊಂದು ಆತಲ್ಲೋ, ಬರೋ ವರ್ಷ ನೀಲಾಂದೂ ಮಾಡಿಬಿಡೂಣು! ಏನಂತಿ?"

ಅಪ್ಪ ಒದ್ದೆ ಕೈ ಕೊಡವಿ, ಆ ಕಡೆ ಮುಖ ತಿರುಗಿಸಿ, ಎಂದಿನ ದನಿಯಲ್ಲೇ ಕೂಗಿದ:

"ನೋಡೂಣು ಅಣ್ಣಾ!"

ಕೈಯಲ್ಲಿ ಇನ್ನೂ ಅಂಟು ಇತ್ತು. ನಾನು ಇನ್ನೊಂದು ತಂಬಿಗೆ ತುಂಬಿಕೊಂಡೆ.